40 ಸೀಟು, 12 ಜನ, ಹೌಸ್‌ಫುಲ್

ಬೆಳಿಗ್ಗೆ 10:20ಕ್ಕೆ ಹುಬ್ಬಳ್ಳಿಯಿಂದ ಫೋನು. ನಮ್ಮ ಸಾಫ್ಟ್‌ವೇರ್ ಬಳಸುವ ಒಂದು ಗೋದಾಮಿನ ಬಿಲ್ಲಿಂಗ್ ಕೌಂಟರಿನ ಅಕ್ಕ. "ಸರ್ರ, ನಮ್ಮ ಆಫೀಸ್ನ್ಯಾಗ ಇರೋದ 12 ಮಂದಿ. ಇದು ನೋಡಿದ್ರ 40 ಮಂದಿ ಅದಾರ, ಜಾಗ ಇಲ್ಲ ಅಂತೈತಿ. ಉಳಿದ 28 ಮಂದಿ ಎಲ್ಲಿ ಕುಂತಾರ್ರೀ?"

ಹೊರಗೆ ಲಾರಿ ನಿಂತಿದೆ. ಬಿಲ್ ಕೈಗೆ ಬರದೆ ಡ್ರೈವರ್ ಕದಲುವುದಿಲ್ಲ. ನಾನು ಇಲ್ಲಿ ಬೆಂಗಳೂರಲ್ಲಿ ಅರ್ಧ ಇಡ್ಲಿ ಬಾಯಲ್ಲಿಟ್ಟುಕೊಂಡು "ನೋಡ್ತೀನಿ ಅಕ್ಕಾ" ಅಂದೆ.

ಜಾವಾ ಅನ್ನೋ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಕೋಡ್ ಬರೆಯುತ್ತಾ ನನ್ನ ಕೂದಲು ಉದುರಿದ್ದೇ ಒಂದು ಕಥೆ. ಇದು ಅದರ ಮುಂದಿನ ಕಂತು.

ಗಿರಾಕಿ ಕೊಂಡಿರುವುದು 40 ಜನರ ಲೈಸೆನ್ಸ್. ಹೆಸರು ಎಷ್ಟಾದರೂ ಇರಲಿ, ಒಂದೇ ಹೊತ್ತಿಗೆ ಒಳಗಿರುವವರು 40 ಮೀರಬಾರದು. ಇದನ್ನು ಕಾಯಲು ನಮ್ಮ ಮಹಾನುಭಾವರು ಬರೆದ ಕೋಡ್ ಹೀಗಿದೆ: ಸೆಷನ್ (ಬ್ರೌಸರ್ ಬಂದಾಗ ಅದರ ಗುರುತಿಗೆ ಸರ್ವರ್ ಬರೆದಿಟ್ಟುಕೊಳ್ಳುವ ದಾಖಲೆ) ಹುಟ್ಟಿದರೆ ಒಂದು ಕೂಡು, ಸತ್ತರೆ ಒಂದು ಕಳೆ, ಲಾಗಿನ್ ಹೊತ್ತಿಗೆ ಲೆಕ್ಕ 40 ದಾಟಿದ್ದರೆ ಬಾಗಿಲು ಹಾಕು. ಮುಗೀತು. ಸೆಷನ್ನಿನ ಹುಟ್ಟು ಸಾವಿನ ಸುದ್ದಿ ಕೇಳಿಸಿಕೊಳ್ಳುವ ಲಿಸನರ್ ಒಂದು, ಎಣಿಸುವ ಕೌಂಟರ್ ಒಂದು, ಹತ್ತು ಸಾಲು.

ಸೆಷನ್ ಅಂದ್ರೆ ಮನುಷ್ಯ ಅಲ್ಲ ಕಣ್ರೀ. ಬಸ್ಸಿನ ಕಿಟಕಿಯಿಂದ ಸೀಟಿನ ಮೇಲೆ ಎಸೆದ ಟವಲು. ಎಸೆದವನು ಹತ್ತಿದನೋ, ಬೀಡಿ ಸೇದಲು ಹೋದನೋ, ಬೇರೆ ಬಸ್ಸು ಹಿಡಿದು ಊರು ಸೇರಿದನೋ, ಟವಲಿಗೆ ಏನು ಗೊತ್ತು? ನಮ್ಮ ಜಾವಾ ಕೋಡನ್ನು ಓಡಿಸುವ ಸರ್ವರ್ ಸಾಫ್ಟ್‌ವೇರ್ ಟಾಮ್‌ಕ್ಯಾಟ್ ಆ ಟವಲನ್ನು 30 ನಿಮಿಷ ಮುಟ್ಟುವುದಿಲ್ಲ. ನೀವು ಬದಲಾಯಿಸದಿದ್ದರೆ ಅದರ ಲೆಕ್ಕ ಅಷ್ಟು. ಮೂಲೆಯ ಇಂಟು ಮಾರ್ಕ್ ಒತ್ತಿ ಮನೆಗೆ ಹೋದರೆ ಸರ್ವರ್‌ಗೆ ಯಾರೂ ಹೇಳುವುದಿಲ್ಲ.

ಸರಿ, ಇವತ್ತಿನ ಟವಲುಗಳು ಯಾರವು? ಲಾಗ್ ತೆಗೆದೆ. ನಮ್ಮ ಲಾಗಿನ್ ಪುಟ ಜೆಎಸ್‌ಪಿ, ಅಂದ್ರೆ ಸರ್ವರ್‌ನಲ್ಲೇ ಜಾವಾ ಕಟ್ಟಿಕೊಡುವ ಪುಟ. ಜೆಎಸ್‌ಪಿ ಪುಟ, ಬೇಡ ಅಂತ ಮೇಲೆ ಬರೆಯದಿದ್ದರೆ, ತೆರೆದ ಕೂಡಲೇ ಒಂದು ಸೆಷನ್ ಹುಟ್ಟಿಸುತ್ತದೆ. ಪಾಸ್‌ವರ್ಡ್ ಹಾಕಬೇಕು ಅಂತೇನಿಲ್ಲ, ಬಾಗಿಲಲ್ಲಿ ಇಣುಕಿದರೆ ಸಾಕು. ಹೋದ ವಾರ ನಮ್ಮದೇ ಮಾನಿಟರಿಂಗ್ ತಂಡ ಒಂದು ಸ್ಕ್ರಿಪ್ಟ್ ಹಾಕಿದೆ. ಸರ್ವರ್ ಬದುಕಿದೆಯಾ ಅಂತ ನಿಮಿಷಕ್ಕೊಮ್ಮೆ ಲಾಗಿನ್ ಪುಟ ತೆರೆದು ನೋಡುತ್ತದೆ. ಸರ್ವರ್ ಕೊಡುವ ಗುರುತಿನ ಚೀಟಿ, ಅಂದ್ರೆ ಕುಕೀ, ಇಟ್ಟುಕೊಳ್ಳುವುದಿಲ್ಲ, ಹಾಗಾಗಿ ಪ್ರತಿ ಸಲವೂ ಹೊಸ ಅತಿಥಿ. ನಿಮಿಷಕ್ಕೆ ಒಂದು, ಒಂದೊಂದಕ್ಕೂ 30 ನಿಮಿಷ ಆಯಸ್ಸು. ಅಲ್ಲಿಗೆ ಹಗಲೂ ರಾತ್ರಿ 30 ಸೀಟು ಆ ಸ್ಕ್ರಿಪ್ಟಿಗೇ ಮೀಸಲು! ಉಳಿದ 10ರಲ್ಲಿ ಮೊದಲು ಬಂದ 10 ಜನ ಕೂತರು. ಹನ್ನೊಂದನೆಯವರು ನಮ್ಮ ಅಕ್ಕ.

ಹೊಟ್ಟೆ ಉರಿಸಿದ್ದು ಇನ್ನೊಂದು. ಕ್ರೋಮ್‌ನಲ್ಲಿ ಆಗಲಿಲ್ಲ ಅಂತ ಅವರು ಫೈರ್‌ಫಾಕ್ಸ್ ತೆರೆದಿದ್ದಾರೆ. ಆಮೇಲೆ ಮೊಬೈಲು. ಒಂದೊಂದಕ್ಕೂ ಒಂದೊಂದು ಹೊಸ ಟವಲು. ಒಳಗೆ ಬರಲು ಒದ್ದಾಡಿದಷ್ಟೂ ತಮ್ಮ ದಾರಿಗೆ ತಾವೇ ಅಡ್ಡ ನಿಂತಂತಾಯಿತು ಪಾಪ.

ಮೀಟಿಂಗಿನಲ್ಲಿ ಹೊಸ ಹುಡುಗ ಒಬ್ಬ, "ಸರ್, ಸ್ಪ್ರಿಂಗ್ ಸೆಕ್ಯುರಿಟಿಯಲ್ಲಿ ಮ್ಯಾಕ್ಸಿಮಮ್ ಸೆಷನ್ಸ್ ಅಂತ ಇದೆಯಲ್ಲ, ಒಂದೇ ಸಾಲು" ಅಂದ. ಇದೆಯಪ್ಪಾ, ಲಾಗಿನ್ ಕಾಯುವ ಆ ರೆಡಿಮೇಡ್ ಕೋಡಿನಲ್ಲಿ ಇದೆ. ಆದರೆ ಅದು ಒಬ್ಬ ಯೂಸರ್ ಎಷ್ಟು ಕಡೆ ಲಾಗಿನ್ ಆಗಬಹುದು ಅನ್ನುವ ಲೆಕ್ಕ. ಒಟ್ಟು ಎಷ್ಟು ಜನ ಅನ್ನುವುದಲ್ಲ. ಅದೂ ಸುಮ್ನೆ ಬಿಟ್ಟರೆ ಒಂದೊಂದು ಸರ್ವರಿನ ಮೆಮೊರಿಯಲ್ಲಿ ಬೇರೆ ಬೇರೆ ಲೆಕ್ಕ. ನಮ್ಮ ಕೌಂಟರ್ ಹಣೆಬರಹವೂ ಅದೇ. ನಾಳೆ ಎರಡನೇ ಸರ್ವರ್ ಹಾಕಿದರೆ 40 ಹೋಗಿ 80.

ನಾನೇನು ಸಾಚಾ ಅಲ್ಲ. 2014ರಲ್ಲಿ, ಹಿಂದಿನ ಕಂಪನಿಯಲ್ಲಿ, ನಾನೂ ಇದನ್ನೇ ಬರೆದಿದ್ದೆ. ಅದೂ ಬರೀ ಸ್ಟಾಟಿಕ್ ಇಂಟ್, ಅಂದ್ರೆ ಮೆಮೊರಿಯಲ್ಲಿ ಒಂದು ಅಂಕಿ, ರೀಸ್ಟಾರ್ಟ್ ಆದರೆ ಮತ್ತೆ ಸೊನ್ನೆ. ಟಾಮ್‌ಕ್ಯಾಟ್ ನಿಲ್ಲುವಾಗ ಇದ್ದ ಸೆಷನ್‌ಗಳನ್ನು ಫೈಲಿಗೆ ಬರೆದಿಟ್ಟು, ಎದ್ದ ಮೇಲೆ ವಾಪಸ್ ತರುತ್ತಿತ್ತು. ಹಾಗೆ ತಂದವುಗಳಿಗೆ "ಹುಟ್ಟಿತು" ಅಂತ ನನ್ನ ಲಿಸನರ್‌ಗೆ ಹೇಳುವುದಿಲ್ಲ, "ಸತ್ತಿತು" ಅಂತ ಮಾತ್ರ ಹೇಳುತ್ತದೆ. ಒಂದು ರೀಸ್ಟಾರ್ಟ್ ಆದಮೇಲೆ ಅಡ್ಮಿನ್ ಪರದೆಯಲ್ಲಿ "ಈಗ ಒಳಗಿರುವವರು: -7" ಅಂತ ಬಂತು. ಆ ಗಿರಾಕಿ ತಿಂಗಳುಗಟ್ಟಲೆ ಜಾಸ್ತಿ ಜನ ಬಳಸಿದರು. ಯಾರಾದರೂ ಫೋನ್ ಮಾಡಿದರಾ? ಯಾಕೆ ಮಾಡ್ತಾರೆ!

ಮಾಡಬೇಕಾದ್ದು ದೊಡ್ಡ ವಿದ್ಯೆಯೇನಲ್ಲ. ಡೇಟಾಬೇಸಿನಲ್ಲಿ ಎಲ್ಲ ಸೀಟುಗಳಿಗೂ ಸೇರಿ ಒಂದು ಟೇಬಲ್. ಪಾಸ್‌ವರ್ಡ್ ಸರಿಯಾದ ಮೇಲಷ್ಟೇ ಹೆಸರು ಬರೆಯಿರಿ. ಪಕ್ಕದಲ್ಲಿ ಕೊನೆಯ ಸಲ ಕೆಲಸ ಮಾಡಿದ ಹೊತ್ತು. ಕೆಲಸ ಅಂದರೆ ಕೈಯಾರೆ ಮಾಡಿದ್ದು. ನಮ್ಮ ಪುಟದ ಆ ಗಂಟೆ ಗುರುತು ಇದೆಯಲ್ಲ, ನೋಟಿಫಿಕೇಶನ್‌ಗೆ ಅಂತ 30 ಸೆಕೆಂಡಿಗೊಮ್ಮೆ ಸರ್ವರ್‌ಗೆ ಓಡುತ್ತದೆ, ಅದನ್ನು ಲೆಕ್ಕಕ್ಕೆ ತಗೊಂಡರೆ ಟ್ಯಾಬ್ ತೆರೆದಿಟ್ಟು ಮದುವೆಗೆ ಹೋದವನೂ ಮೂರು ದಿನ ಸೀಟಲ್ಲೇ ಇರುತ್ತಾನೆ. ಹೊಸಬರು ಬಂದಾಗ ಟೇಬಲ್ ಲಾಕ್ ಮಾಡಿ, 15 ನಿಮಿಷ ಸುಮ್ಮನಿದ್ದವರನ್ನು ಎಬ್ಬಿಸಿ, ಎಣಿಸಿ, ಕೂರಿಸಿ. ತುಂಬಿದ್ದರೆ ಯಾರ್ಯಾರು ಕೂತಿದ್ದಾರೆ ಅಂತ ತೋರಿಸಿ. ಒಂದಿಬ್ಬರು ಜಾಸ್ತಿಯಾದರೆ ಒಳಗೆ ಬಿಟ್ಟು ಬರೆದಿಟ್ಟುಕೊಳ್ಳಿ, ತಿಂಗಳ ಕೊನೆಗೆ ಬಿಲ್ ಕಳಿಸಿ.

"ಹಾಗೆ ಬಿಟ್ಟರೆ ಐದು ಲೈಸೆನ್ಸ್ ಕೊಂಡು ಐವತ್ತು ಜನ ಬಳಸ್ತಾರೆ" ಅಂತಾರೆ ನಮ್ಮ ಸೇಲ್ಸ್ ಗೆಳೆಯರು. ಬಳಸುವವರು ಇದ್ದಾರೆ, ಇಲ್ಲ ಅನ್ನಲ್ಲ. ಆದರೆ ಸ್ವಾಮೀ, ಇವತ್ತು ಬಾಗಿಲಲ್ಲಿ ನಿಂತದ್ದು ಯಾವ ಕಳ್ಳ? 40ಕ್ಕೆ ದುಡ್ಡು ಕೊಟ್ಟು 12 ಜನ ಬಳಸುವ ಗಿರಾಕಿ. ಒಳಗೆ ಹಾಯಾಗಿ ಕೂತದ್ದು ನಮ್ಮದೇ ಸ್ಕ್ರಿಪ್ಟ್.

ಇಷ್ಟನ್ನೂ ಬರೆದು ಟಿಕೆಟ್‌ಗೆ, ಅಂದ್ರೆ ಕಂಪನಿಯ ದೂರಿನ ದಾಖಲೆಗೆ, ಹಾಕಿದೆ. ಮಧ್ಯಾಹ್ನ ಊಟ ಮಾಡಿ ಬರುವಷ್ಟರಲ್ಲಿ ಕಾನ್ಫಿಗ್‌ನಲ್ಲಿ 40 ತೆಗೆದು 60 ಮಾಡಿ ಟಿಕೆಟ್ ಕ್ಲೋಸ್ ಮಾಡಿದ್ದಾರೆ. ಅಕ್ಕ ಲಾಗಿನ್ ಆದರು, ಲಾರಿ ಹೋಯಿತು.

ಸಂಜೆ ಮಾನಿಟರಿಂಗ್ ತಂಡದಿಂದ ಮೇಲ್ ಬಂತು. ಬೆಳಗಿನ ತೊಂದರೆ ನೋಡಿ ಅವರು ಇನ್ನೂ ಹುಷಾರಾಗಿದ್ದಾರಂತೆ. ಸೋಮವಾರದಿಂದ 30 ಸೆಕೆಂಡಿಗೊಮ್ಮೆ ಚೆಕ್ ಮಾಡ್ತಾರಂತೆ.