ಪ್ರಿನ್ಸ್ ಹೆಸರಿಲ್ಲದ ಪ್ರಿನ್ಸ್ ಆಲ್ಬಂ

ಅಮೆರಿಕದ ಪಾಪ್ ತಾರೆ ಪ್ರಿನ್ಸ್‌ನ ಊರು ಮಿನಿಯಾಪೊಲಿಸ್‌ನಲ್ಲಿ ಅವನ ನಾಲ್ಕು ಜನ ಅಭಿಮಾನಿಗಳು ಒಂದು ಕಡೆ ಸೇರಿದರೆ ಒಂದು ವಾದ ಎದ್ದೇ ಏಳುತ್ತದೆ. 'ಪರ್ಪಲ್ ರೇನ್' ಬಗ್ಗೆ ಅಲ್ಲ. ಅದು ದೊಡ್ಡ ಆಲ್ಬಂ ಅನ್ನೋದರಲ್ಲಿ ಯಾರಿಗೂ ತಕರಾರಿಲ್ಲ. ವಾದ ಇರುವುದು 1987ರ ಜನವರಿಯಲ್ಲಿ 'ಮ್ಯಾಡ್‌ಹೌಸ್' ಎಂಬ ಬ್ಯಾಂಡಿನ ಹೆಸರಲ್ಲಿ ಬಂದ '8' ಅನ್ನೋ ಆಲ್ಬಂ ಬಗ್ಗೆ. ಕವರ್ ಮೇಲೆ ಪ್ರಿನ್ಸ್ ಹೆಸರೇ ಇಲ್ಲ. ಆದರೆ ಒಳಗೆ ಕೇಳಿಸುವ ಡ್ರಮ್ಸ್, ಬಾಸ್, ಕೀಬೋರ್ಡ್ ಎಲ್ಲ ಅವನದೇ. ಸ್ಯಾಕ್ಸೊಫೋನ್ ಮತ್ತು ಕೊಳಲು ಮಾತ್ರ ಎರಿಕ್ ಲೀಡ್ಸ್ ಅವರದು. ಹಾಡುವ ದನಿ ಇಲ್ಲ, ಸಾಹಿತ್ಯ ಇಲ್ಲ. ಎಂಟು ತುಣುಕುಗಳು, ಅವುಗಳ ಹೆಸರು 'ಒನ್' ಇಂದ 'ಎಯ್ಟ್' ವರೆಗೆ, ಅಷ್ಟೇ.

ಇದು ನಿಜಕ್ಕೂ ಒಳ್ಳೆಯ ಆಲ್ಬಮ್ಮಾ, ಇಲ್ಲಾ ಪ್ರಿನ್ಸ್ ನುಡಿಸಿದ್ದು ಅಂತ ಗೊತ್ತಿರುವುದಕ್ಕೆ ನಾವು ತಲೆ ಮೇಲೆ ಹೊತ್ತು ತಿರುಗುತ್ತಿದ್ದೇವಾ? ಪ್ರಶ್ನೆ ಇಷ್ಟೇ. ಇದರ ಮೇಲೆ ಸಂಜೆಗಟ್ಟಲೆ ಮಾತಾಡುವವರನ್ನು ನಾನು ನೋಡಿದ್ದೇನೆ, ಅವರ ಜೊತೆ ನಾನೂ ಮಾತಾಡಿದ್ದೇನೆ. ನಾನು ಧಾರವಾಡದವನು, ಈಗ ಇರುವುದು ಮಿನಿಯಾಪೊಲಿಸ್‌ನಲ್ಲಿ. ಸಂಗೀತದ ಬಗ್ಗೆ ಹಟ ಹಿಡಿದು ವಾದ ಮಾಡುವವರ ನಡುವೆಯೇ ಬೆಳೆದೆ. ಆದರೆ ಇಲ್ಲಿಯವರು ವಾದ ಮಾಡುವ ರೀತಿಯೇ ಬೇರೆ. ಆ ರೀತಿಯಲ್ಲಿ ನಮಗೆ ಬೇಕಾದ್ದು ಒಂದಿದೆ, ನಮ್ಮ ರೀತಿಯಲ್ಲಿ ಅವರಿಗೆ ಬೇಕಾದ್ದೂ ಒಂದಿದೆ ಅಂತ ನನ್ನ ಅನಿಸಿಕೆ.

ಮೊದಲು ಆಲ್ಬಂ ಹುಟ್ಟಿದ ಹೊತ್ತು ನೋಡಿ. 1986ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಶುರು. ಜಾಗ ಮಿನಿಯಾಪೊಲಿಸ್ ಪಕ್ಕದ ಚಾನ್‌ಹ್ಯಾಸನ್, ಪ್ರಿನ್ಸ್‌ನ ಮನೆಯ ಸ್ಟುಡಿಯೊ. ಜೊತೆಗಿದ್ದ 'ದ ರೆವಲ್ಯೂಷನ್' ಬ್ಯಾಂಡ್ ಮುರಿದುಬೀಳುತ್ತಿದ್ದ ಕಾಲ ಅದು. ಹೊಸ ಹಾಡುಗಳು ರಾಶಿ ಬಿದ್ದಿದ್ದವು. ಮುಂದೆ ಅವನು ಮೂರು ಎಲ್‌ಪಿಗಳ ಸೆಟ್ ತಯಾರು ಮಾಡಿದಾಗ ಅವನ ರೆಕಾರ್ಡ್ ಕಂಪನಿ ವಾರ್ನರ್ ಬ್ರದರ್ಸ್ ಒಪ್ಪಲಿಲ್ಲ. ಅದು ಎರಡಕ್ಕೆ ಇಳಿದು 1987ರ ಮಾರ್ಚ್‌ನಲ್ಲಿ 'ಸೈನ್ ಓ ದ ಟೈಮ್ಸ್' ಆಗಿ ಬಂತು. ಇಷ್ಟೆಲ್ಲದರ ನಡುವೆ ಕೆಲವೇ ದಿನಗಳಲ್ಲಿ ಲೀಡ್ಸ್ ಜೊತೆ ಕೂತು ಮುಗಿಸಿದ ಆಲ್ಬಂ '8'. ಜ್ಯಾಝ್ ಮತ್ತು ಕುಣಿಸುವ ತಾಳವೇ ಮುಖ್ಯವಾದ ಫಂಕ್, ಎರಡೂ ಕಲೆತ ವಾದ್ಯಸಂಗೀತ.

ಜ್ಯಾಝ್ ಅವನಿಗೆ ಹೊರಗಿನಿಂದ ಬಂದದ್ದಲ್ಲ. ಅಪ್ಪ ಜಾನ್ ನೆಲ್ಸನ್ ಜ್ಯಾಝ್ ಪಿಯಾನೊ ನುಡಿಸುತ್ತಿದ್ದರು. ವೇದಿಕೆ ಮೇಲೆ ಅವರ ಹೆಸರು ಪ್ರಿನ್ಸ್ ರಾಜರ್ಸ್. ಮಗನಿಗೆ ಇಟ್ಟದ್ದು ಅದೇ ಹೆಸರು. ಅಮ್ಮ ಮ್ಯಾಟಿ ಶಾ ಹಾಡುತ್ತಿದ್ದರು. ಹೀಗಾಗಿ 'ಫಂಕ್ ಸ್ಟಾರ್ ಒಬ್ಬ ಸುಮ್ನೆ ಜ್ಯಾಝ್ ಕಡೆ ಇಣುಕಿದ' ಅನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ.

ವಾದದಲ್ಲಿ ಏನೇನು ಬರುತ್ತದೆ ಅಂತ ಹೇಳುತ್ತೇನೆ. ಒಬ್ಬರು ಹೇಳುವುದು: ಪ್ರಿನ್ಸ್ ಒಳ್ಳೆಯ ಡ್ರಮ್ಮರ್, ಅದ್ಭುತ ಬಾಸ್ ವಾದಕ, ಆದರೆ ಜ್ಯಾಝ್‌ನಲ್ಲಿ ಬೇಕಾಗುವುದು ಒಬ್ಬರಿಗೊಬ್ಬರು ಉತ್ತರ ಕೊಡುತ್ತಾ ಆ ಕ್ಷಣದಲ್ಲಿ ಕಟ್ಟುವುದು. ಒಬ್ಬನೇ ಒಂದರ ಮೇಲೊಂದು ಟ್ರ್ಯಾಕ್ ಹಾಕಿಕೊಂಡರೆ ಅಲ್ಲಿ ಯಾರು ಯಾರಿಗೆ ಉತ್ತರ ಕೊಟ್ಟ ಹಾಗಾಯಿತು? ಇದು ಗಟ್ಟಿ ಆಕ್ಷೇಪ, ತಳ್ಳಿಹಾಕುವಂಥದ್ದಲ್ಲ. ಇನ್ನೊಬ್ಬರಿಗೆ 1987ರ ನವೆಂಬರ್‌ನಲ್ಲಿ ಬಂದ ಮ್ಯಾಡ್‌ಹೌಸ್‌ನ ಎರಡನೇ ಆಲ್ಬಂ '16' ಜಾಸ್ತಿ ಇಷ್ಟ. ಅದರಲ್ಲಿ ಡ್ರಮ್ಸ್‌ಗೆ ಶೀಲಾ ಇ., ಬಾಸ್‌ಗೆ ಲೀವೈ ಸೀಸರ್ ಜೂನಿಯರ್ ಅಂಥವರೂ ಇದ್ದಾರೆ, ಹಾಗಾಗಿ ಅದು ಬ್ಯಾಂಡ್ ತರಹ ಕೇಳಿಸುತ್ತದೆ ಅಂತ ಅವರ ವಾದ. ಮೂರನೆಯವರು ಇದ್ಯಾವುದನ್ನೂ ಒಪ್ಪುವುದಿಲ್ಲ. ಎಲ್ಲ ಲೀಡ್ಸ್ ಅವರ ಸ್ಯಾಕ್ಸೊಫೋನಿನ ಮಹಿಮೆ, ಹೊಗಳುವುದಾದರೆ ಅವರನ್ನು ಹೊಗಳಿ ಅನ್ನುತ್ತಾರೆ.

ಆಮೇಲೆ ಎಲ್ಲರಿಗೂ ಪ್ರಿಯವಾದ ಪರೀಕ್ಷೆ ಒಂದಿದೆ. 'ಪ್ರಿನ್ಸ್ ಅಂತ ಗೊತ್ತಿಲ್ಲದಿದ್ದರೆ ಇದನ್ನು ಯಾರು ಕೇಳುತ್ತಿದ್ದರು ಹೇಳಿ?' ಈ ಪ್ರಶ್ನೆ ಬಂದಾಗಲೆಲ್ಲ ನನಗೆ ಉತ್ಸಾಹ ಬರುತ್ತದೆ. ಯಾಕೆಂದರೆ ಆ ಪರೀಕ್ಷೆ ಆಗಲೇ ನಡೆದುಹೋಗಿದೆ. ಕವರ್ ಮೇಲೆ ಅವನ ಹೆಸರಿಲ್ಲದೆಯೇ 'ಸಿಕ್ಸ್' ಸಿಂಗಲ್ ಆಗಿ ಹೊರಬಂತು. ಹಾಡಿಲ್ಲ, ಮಾತಿಲ್ಲ. ಆದರೂ ಬಿಲ್‌ಬೋರ್ಡ್‌ನ ಕಪ್ಪು ಸಂಗೀತದ ಪಟ್ಟಿಯಲ್ಲಿ 5ನೇ ಸ್ಥಾನಕ್ಕೆ ಏರಿತು. ಪ್ರಿನ್ಸ್‌ನದೇ ಆದ ಪೇಸ್ಲಿ ಪಾರ್ಕ್ ರೆಕಾರ್ಡ್ ಲೇಬಲ್ ನೋಡಿ ಕೆಲವರು ಊಹಿಸಿರಬಹುದು, ನಿಜ. ಆದರೆ ಕಾರಿನಲ್ಲಿ ರೇಡಿಯೊ ಹಾಕಿಕೊಂಡು ಹೋಗುವವರ ಕೈಯಲ್ಲಿ ಲೇಬಲ್ ಇರುವುದಿಲ್ಲವಲ್ಲ. ಅವರಿಗೆ ಇಷ್ಟವಾದದ್ದು ಆ ತುಣುಕು.

ಆ ತುಣುಕನ್ನು ನನಗೆ ಸರಿಯಾಗಿ ಕೇಳಿಸಿದವರು ನಮ್ಮ ಬೀದಿಯ ಒಬ್ಬ ಹಿರಿಯರು. ಯೌವನದಲ್ಲಿ ಡ್ರಮ್ಸ್ ನುಡಿಸುತ್ತಿದ್ದವರು. ಅವರ ಮನೆಯ ಬೇಸ್‌ಮೆಂಟಿನಲ್ಲಿ ಗೋಡೆ ತುಂಬ ರೆಕಾರ್ಡುಗಳು. ಒಂದು ಚಳಿಗಾಲದ ಸಂಜೆ 'ಸಿಕ್ಸ್' ಹಾಕಿ, ಸ್ಯಾಕ್ಸೊಫೋನ್ ಕಡೆ ಕಿವಿ ಕೊಡಬೇಡ, ಬಾಸ್ ಡ್ರಮ್ ಮತ್ತು ಸ್ನೇರ್ ಮಾತ್ರ ಹಿಡಿದುಕೊಂಡು ಹೋಗು ಅಂದರು. ಕಷ್ಟದ ಕೆಲಸ, ಯಾಕೆಂದರೆ ಲೀಡ್ಸ್ ಅವರ ಆ ಚಿಕ್ಕ ಪಲುಕು ಮತ್ತೆ ಮತ್ತೆ ಬಂದು ಕಿವಿ ಎಳೆಯುತ್ತದೆ. ಆದರೆ ಡ್ರಮ್ಸ್ ಹಿಡಿದು ಕೂತಾಗ ಬೇರೆಯದೇ ಕೇಳಿಸಿತು. ಇಷ್ಟು ಕೌಶಲ ಇರುವ ಮನುಷ್ಯ ಎಲ್ಲೂ ಕೈಚಳಕ ತೋರಿಸುತ್ತಿಲ್ಲ. ಠೇಕಾ ಬಿಡದ ತಬಲಜಿಯ ಹಾಗೆ ನಿಂತಲ್ಲೇ ನಿಂತಿದ್ದಾನೆ, ಮೇಲಿನವನು ಎಷ್ಟು ಬೇಕೋ ಅಷ್ಟು ಆಡಲಿ ಅಂತ ಜಾಗ ಬಿಟ್ಟಿದ್ದಾನೆ. 'ನೋಡು, ಇಲ್ಲಿ ಅವನು ಸ್ಟಾರ್ ಅಲ್ಲ, ಸಾಥಿ' ಅನ್ನುವ ಅರ್ಥದ ಮಾತು ಹೇಳಿ ಅವರು ಸೂಜಿ ಎತ್ತಿ ಮತ್ತೆ ಮೊದಲಿಂದ ಹಾಕಿದರು.

ನನ್ನ ಅಭಿಪ್ರಾಯ ಗಟ್ಟಿಯಾದದ್ದು ಅಲ್ಲಿ. '8' ದೊಡ್ಡ ಆಲ್ಬಂ ಆಗಿರುವುದು ಪ್ರಿನ್ಸ್ ಇನ್ನೊಬ್ಬರಿಗೆ ಜಾಗ ಬಿಟ್ಟದ್ದರಿಂದ. ಅವನ ಸ್ವಂತ ಹೆಸರಿನ ಆಲ್ಬಂಗಳಲ್ಲಿ ಈ ಗುಣ ಅಷ್ಟಾಗಿ ಸಿಗುವುದಿಲ್ಲ. ಅಲ್ಲಿ ಅವನೇ ನಡುವೆ ನಿಂತಿರುತ್ತಾನೆ. 'ಎಯ್ಟ್' ಹತ್ತು ನಿಮಿಷ ನಿಧಾನಕ್ಕೆ ಬಿಚ್ಚಿಕೊಳ್ಳುತ್ತದೆ, ಅವಸರವೇ ಇಲ್ಲ. 'ಫೈವ್' ಒಂದು ನಿಮಿಷ ಚಿಲ್ಲರೆಯಲ್ಲಿ ಮುಗಿದುಹೋಗುತ್ತದೆ, ಅದು ನನಗೆ ಅರ್ಧಂಬರ್ಧ ಅನಿಸುತ್ತದೆ. ಎಲ್ಲ ತುಣುಕೂ ಒಂದೇ ಮಟ್ಟದಲ್ಲಿಲ್ಲ, ಒಪ್ಪುತ್ತೇನೆ. ಒಬ್ಬನೇ ಟ್ರ್ಯಾಕ್ ಮೇಲೆ ಟ್ರ್ಯಾಕ್ ಹಾಕಿದ ಅನ್ನುವ ಆಕ್ಷೇಪಕ್ಕೂ ನನ್ನ ಉತ್ತರ ಇಷ್ಟೇ: ಇಲ್ಲಿ ಇಬ್ಬರಿದ್ದಾರೆ. ಎರಡನೆಯವರು ಲೀಡ್ಸ್. ಅವರಿಬ್ಬರ ನಡುವೆ ಸಂಭಾಷಣೆ ನಡೆದಿದೆಯೋ ಇಲ್ಲವೋ ಅಂತ ಕೇಳಿ ನೋಡಿ, 'ಸಿಕ್ಸ್' ಒಂದೇ ಸಾಕು.

ಈಗ ನಮ್ಮ ಕಡೆಗೆ ಬರುತ್ತೇನೆ.

ಭೀಮಸೇನ ಜೋಶಿಯವರ ದಾಸವಾಣಿ ಎಲ್ಲರಿಗೂ ಗೊತ್ತು. ಕಿರಾಣಾ ಘರಾಣೆಯ ಖಯಾಲ್ ಗಾಯಕರು, ಕುಂದಗೋಳದ ಸವಾಯಿ ಗಂಧರ್ವರ ಶಿಷ್ಯರು. ಅವರ ಮುಖ್ಯ ಕೆಲಸ ರಾಗ. ಇಲ್ಲಿಯವರ ಲೆಕ್ಕ ಹಿಡಿದರೆ ಪುರಂದರದಾಸರ 'ಭಾಗ್ಯದ ಲಕ್ಷ್ಮಿ ಬಾರಮ್ಮ' ಅವರ ಸೈಡ್ ಪ್ರಾಜೆಕ್ಟ್ ಆಗಬೇಕು. ಆದರೆ ನಮ್ಮೂರಲ್ಲಿ ಹಾಗೆ ಯಾರೂ ಅಂದಿದ್ದು ನಾನು ಕೇಳಿಲ್ಲ. ಶುಕ್ರವಾರ ಸಂಜೆ ಮನೆಯಲ್ಲಿ ಅದು ಬೇಕೇ ಬೇಕು. ಮಾಲಕಂಸ್ ರಾಗ ದೊಡ್ಡದು, ದಾಸರ ಪದ ಚಿಕ್ಕದು ಅಂತ ತಕ್ಕಡಿ ಹಿಡಿಯುವವರಿಲ್ಲ. ಕೇಳುವ ಪ್ರಶ್ನೆ ಒಂದೇ, ಭಾವ ಬಂತಾ?

ರಾಜ್‌ಕುಮಾರ್ ವಿಷಯದಲ್ಲೂ ಹಾಗೇ. ಬಹುಕಾಲ ಅವರಿಗೆ ಪಿ.ಬಿ. ಶ್ರೀನಿವಾಸ್ ಹಾಡಿದರು. 1974ರ 'ಸಂಪತ್ತಿಗೆ ಸವಾಲ್' ಆದ ಮೇಲೆ ಅಣ್ಣಾವ್ರೇ ತಮ್ಮ ಹಾಡು ಹಾಡತೊಡಗಿದರು. ಮುಂದೆ 'ಜೀವನ ಚೈತ್ರ'ದ ಹಾಡಿಗೆ ರಾಷ್ಟ್ರಪ್ರಶಸ್ತಿಯೂ ಬಂತು. ನಟ ಹಾಡಿದ ಅಂತ ಆ ಹಾಡುಗಳನ್ನು ಯಾರೂ ಪಕ್ಕಕ್ಕಿಡಲಿಲ್ಲ. ಸಿನಿಮಾದಾಚೆ ಅವರು ಹಾಡಿದ ರಾಘವೇಂದ್ರಸ್ವಾಮಿ ಭಕ್ತಿಗೀತೆಗಳು ಗುರುವಾರ ಬೆಳಗ್ಗೆ ಇವತ್ತಿಗೂ ಓಣಿ ಓಣಿಯಲ್ಲಿ ಕೇಳಿಸುತ್ತವೆ.

ಹೆಸರು ಬದಲಿಸಿಕೊಳ್ಳುವುದೂ ನಮಗೆ ಹೊಸದಲ್ಲ. ಸಾಧನಕೇರಿಯ ಬೇಂದ್ರೆ ಕವಿತೆ ಬರೆದದ್ದು ಅಂಬಿಕಾತನಯದತ್ತ ಅಂತ. ಯಾಕೆ ಅಡಗಿಕೊಂಡರು, ಕಾಂಟ್ರಾಕ್ಟ್ ತೊಂದರೆ ಇತ್ತಾ ಅಂತ ನಾವು ಕೇಳಲಿಲ್ಲ. ಕವಿತೆ ಬರೆಯುವಾಗ ಮನುಷ್ಯ ಬೇರೆಯೇ ಆಗುತ್ತಾನೆ ಅನ್ನುವುದನ್ನು ಸಹಜವಾಗಿ ತೆಗೆದುಕೊಂಡೆವು. ಪ್ರಿನ್ಸ್ ಬೇರೆ ಹೆಸರಿನಲ್ಲಿ ಯಾಕೆ ಬಂದ ಅಂತ ಇಲ್ಲಿ ಗಂಟೆಗಟ್ಟಲೆ ಚರ್ಚೆ ನಡೆಯುವಾಗ ನನಗೆ ಬೇಂದ್ರೆ ನೆನಪಾಗುತ್ತಾರೆ. ದಾಸವಾಣಿ ಕೇಳುವ ಹಾಗೆ ಒಮ್ಮೆ '8' ಕೇಳಿ, 'ಸೈನ್ ಓ ದ ಟೈಮ್ಸ್' ಪಕ್ಕದಲ್ಲಿಟ್ಟು ಅಳೆಯಬೇಡಿ ಅಂತ ಇಲ್ಲಿನ ಗೆಳೆಯರಿಗೆ ಹೇಳುತ್ತಲೇ ಇರುತ್ತೇನೆ. ಕೆಲವರು ಕೇಳಿದ್ದಾರೆ.

ಆದರೆ ನಮ್ಮ ರೀತಿಯಲ್ಲಿ ಒಂದು ದೊಡ್ಡ ಕೊರತೆ ಇದೆ, ಅದನ್ನೂ ಹೇಳಲೇಬೇಕು. ಅದೇ ಡ್ರಮ್ಸ್ ಹಿರಿಯರನ್ನು ಮನೆಗೆ ಕರೆದು ಒಮ್ಮೆ ದಾಸವಾಣಿ ಕೇಳಿಸಿದೆ. ಅರ್ಥ ಗೊತ್ತಿಲ್ಲ, ಆದರೂ ಕಣ್ಣು ಮುಚ್ಚಿ ಪೂರ್ತಿ ಕೇಳಿದರು. ಮುಗಿದ ತಕ್ಷಣ ಮೊದಲ ಪ್ರಶ್ನೆ: ತಬಲಾ ಯಾರು? ಹಾರ್ಮೋನಿಯಂ ಯಾರು? ನಮ್ಮ ಮನೆಯ ಹಳೆಯ ಕ್ಯಾಸೆಟ್ಟಿನ ಹೊದಿಕೆ ಎಂದೋ ಹರಿದುಹೋಗಿತ್ತು. ಧಾರವಾಡದ ಕಾಕಾಗೆ ಫೋನ್ ಮಾಡಿ ಕೇಳಿದೆ. ಅವರು ಆ ಕ್ಯಾಸೆಟ್ಟನ್ನು ಸವೆಯುವ ತನಕ ಕೇಳಿದವರು. 'ತಮ್ಮಾ, ಯಾರರೆ ಬಾರಿಸವಲ್ರ್ಯಾಕ, ಭೀಮಣ್ಣ ಹಾಡ್ಯಾರಲ್ಲ, ಸಾಕಲ್ಲೇನು' ಅಂದರು. ಕಾಕಾನ ಪ್ರೀತಿ ದೊಡ್ಡದು. ಆದರೆ ಆ ತಬಲಾ ಇಲ್ಲದೆ ಆ ಪದ ಹಾಗೆ ನಡೆಯುತ್ತಿರಲಿಲ್ಲ. ಬಾರಿಸಿದವರಿಗೂ ಒಂದು ಹೆಸರಿದೆ, ಊರಿದೆ, ಗುರು ಇದ್ದಾರೆ.

ನಮ್ಮ ಸಿನಿಮಾ ಹಾಡುಗಳಲ್ಲಂತೂ ಇದು ಇನ್ನೂ ಕೆಟ್ಟದಾಗಿದೆ. ರಾಜನ್-ನಾಗೇಂದ್ರ ಅವರ ಹಾಡುಗಳಲ್ಲಿ ಬರುವ ಗಿಟಾರ್, ಕೊಳಲು, ಪಿಟೀಲು ನಮಗೆ ಬಾಯಿಪಾಠ. ಹಾಡಿನ ನಡುವೆ ಬರುವ ಮ್ಯೂಸಿಕ್ಕನ್ನು ಬಾಯಲ್ಲೇ ನುಡಿಸುತ್ತೇವೆ. ಅದನ್ನು ನುಡಿಸಿದವರು ಯಾರು? ಹೀರೊ ಯಾರು, ಹಾಡಿದ್ದು ಯಾರು ಅನ್ನುವಲ್ಲಿಗೆ ನಮ್ಮ ಅಭಿಮಾನ ನಿಂತುಬಿಡುತ್ತದೆ. ಈ ಊರಿನ ಅಭಿಮಾನಿ ಅಲ್ಲಿಗೆ ನಿಲ್ಲುವುದಿಲ್ಲ. 1981ರಲ್ಲಿ 'ದ ಟೈಮ್' ಬ್ಯಾಂಡಿನ ಮೊದಲ ಆಲ್ಬಂ ಬಂದಾಗ ನಿರ್ಮಾಪಕ ಜೇಮಿ ಸ್ಟಾರ್ ಅಂತ ಇತ್ತು. ಅದು ಪ್ರಿನ್ಸೇ ಅಂತ ಪತ್ತೆ ಹಚ್ಚಿ, ಯಾವ ಹಾಡಿನಲ್ಲಿ ಯಾರ ಕೈ ಇದೆ ಅಂತ ಒಂದೊಂದಾಗಿ ಬಿಡಿಸಿ ಇಟ್ಟವರು ಇವರು. ಪ್ರಿನ್ಸ್ ಕಟ್ಟಿದ ಇನ್ನೊಂದು ಬ್ಯಾಂಡ್ 'ದ ಫ್ಯಾಮಿಲಿ'ಯ 1985ರ ಆಲ್ಬಂನಲ್ಲಿದ್ದ, ಅವನೇ ಬರೆದ 'ನಥಿಂಗ್ ಕಂಪೇರ್ಸ್ ಟು ಯು' ಹಾಡು 1990ರಲ್ಲಿ ಶಿನೇಡ್ ಒಕಾನರ್ ದನಿಯಲ್ಲಿ ಜಗತ್ತಿಗೆಲ್ಲ ಮುಟ್ಟಿತು. ಈ ಊರಿನವರು ಇವತ್ತಿಗೂ ಮೊದಲು ಹಾಡಿದ ಪಾಲ್ ಪೀಟರ್ಸನ್, ಸುಸಾನಾ ಮೆಲ್ವಾಯ್ನ್ ಹೆಸರು ಹೇಳಿಯೇ ಮುಂದಕ್ಕೆ ಹೋಗುತ್ತಾರೆ. ಇದು ನನಗೆ ತುಂಬ ಹಿಡಿಸುತ್ತದೆ. ನಮ್ಮ ಹಾಡುಗಳಿಗೆ ನುಡಿಸಿದ ಹಿರಿಯರು ಇನ್ನೂ ಎಷ್ಟೋ ಜನ ಬೆಂಗಳೂರು, ಚೆನ್ನೈಗಳಲ್ಲಿ ಇದ್ದಾರು. ಅವರನ್ನು ಈಗಲೇ ಕೇಳಿ ಬರೆದಿಟ್ಟುಕೊಳ್ಳಬೇಕು. ವಯಸ್ಸು ಯಾರಿಗೂ ಕಾಯುವುದಿಲ್ಲ.

'8' ಬಹಳ ಕಾಲ ಹೊಸದಾಗಿ ಅಂಗಡಿಗೆ ಬರಲೇ ಇಲ್ಲ. ಹಳೆಯ ಪ್ರತಿ ಹುಡುಕಿಕೊಂಡು ಜನ ಫ್ರಾಂಕ್ಲಿನ್ ಅವೆನ್ಯೂದ ಎಲೆಕ್ಟ್ರಿಕ್ ಫೀಟಸ್ ಅಂಗಡಿಗೆ ಹೋಗುತ್ತಾರೆ. 2016ರ ಏಪ್ರಿಲ್‌ನಲ್ಲಿ, ತೀರಿಕೊಳ್ಳುವ ಕೆಲವೇ ದಿನ ಮೊದಲು, ಪ್ರಿನ್ಸ್ ಸ್ವತಃ ಬಂದು ಸಿಡಿ ಕೊಂಡು ಹೋದ ಅಂಗಡಿ ಅದು. ಅಲ್ಲಿನ ಸಾಲುಗಳ ನಡುವೆ ನಿಂತವರು ಈಗ ಇನ್ನೊಂದು ವಾದ ಮಾಡುತ್ತಾರೆ. ಮ್ಯಾಡ್‌ಹೌಸ್‌ನ ಮೂರನೇ ಆಲ್ಬಂ '24' ರೆಕಾರ್ಡ್ ಆಯಿತು, ಆದರೆ ಹೊರಬರಲಿಲ್ಲ. ಅದರ ಒಂದಷ್ಟು ಸಂಗೀತ 1991ರಲ್ಲಿ ಲೀಡ್ಸ್ ಅವರ ಸ್ವಂತ ಆಲ್ಬಂ 'ಟೈಮ್ಸ್ ಸ್ಕ್ವೇರ್ಡ್'ಗೆ ಹೋಯಿತು. ಉಳಿದದ್ದು ಬಂದರೆ ಯಾರ ಹೆಸರಲ್ಲಿ ಬರಬೇಕು? ಬೇರೆಯವರಿಗೆ ಕೊಟ್ಟ ಹಾಡುಗಳನ್ನು ಅವನದೇ ದನಿಯಲ್ಲಿ 2019ರಲ್ಲಿ 'ಒರಿಜಿನಲ್ಸ್' ಅಂತ ಹೊರತಂದಾಗ ಪ್ರಿನ್ಸ್ ಹೆಸರನ್ನೇ ಹಾಕಿದರು. ಅದು ಸರಿ, ಹಾಡಿದವನು ಅವನೇ. '24' ಹಾಗಲ್ಲ. ಮುಖಪುಟದಲ್ಲಿ ಮ್ಯಾಡ್‌ಹೌಸ್ ಅಂತಲೇ ಇರಲಿ. ಹಿಂದಿನ ಪುಟದಲ್ಲಿ ಯಾವ ವಾದ್ಯ ಯಾರು, ಯಾವ ದಿನ, ಯಾವ ಸ್ಟುಡಿಯೊ ಅಂತ ಪೂರ್ತಿ ಬರೆಯಲಿ. ಲೀಡ್ಸ್ ಅವರ ಹೆಸರು ಪ್ರಿನ್ಸ್ ಹೆಸರಿನಷ್ಟೇ ದೊಡ್ಡ ಅಕ್ಷರದಲ್ಲಿರಲಿ. ಹಾಗೆ ಬಂದರೆ ಎರಡು ಪ್ರತಿ ಕೊಳ್ಳುತ್ತೇನೆ, ಒಂದು ಧಾರವಾಡದ ಕಾಕಾಗೆ.