ಆದಷ್ಟು ಮಟ್ಟಿಗೆ

ಇವತ್ತು ಮಧ್ಯಾಹ್ನ ಬೀನ್ಸಿನ ನಾರು ತೆಗೆಯುತ್ತಾ ಟೀವಿ ಹಾಕಿದ್ದೇ ತಪ್ಪಾಯಿತು. ಧಾರಾವಾಹಿ ಹಾಕಿದ್ದರೆ ಯಾವುದೋ ಅತ್ತೆಯ ಮೇಲೆ ಸಿಟ್ಟು ಬರುತ್ತಿತ್ತು, ಜಾಹೀರಾತು ಬರುವಷ್ಟರಲ್ಲಿ ಇಳಿಯುತ್ತಿತ್ತು. ನಾನು ಹಾಕಿದ್ದು ಸಂಸದ್ ಟೀವಿ. ಶಿಕ್ಷಣ ನೀತಿಯ ಮೇಲೆ ಚರ್ಚೆ ನಡೆದಿತ್ತು. ಮೂರು ಗಂಟೆ ಕಳೆಯಿತು, ಸಿಟ್ಟು ಇನ್ನೂ ಹಾಗೇ ಇದೆ. "ರಿಟೈರ್ ಆದರೂ ನಿನಗೆ ಶಾಲೆ ಬಿಟ್ಟಿಲ್ಲ ಮಾರಾಯ್ತಿ" ಎಂದು ನಮ್ಮ ಯಜಮಾನರು ಕೊಡೆ ಹಿಡಿದು ಹೊರಗೆ ಹೋದರು. ಮಳೆ ಏನೂ ಬರುತ್ತಿರಲಿಲ್ಲ.

ಸದನ ಖಾಲಿ ಖಾಲಿ. ಮಾತಾಡುವವರ ಹಿಂದೆ ನಾಲ್ಕು ಜನ, ಅದರಲ್ಲಿ ಇಬ್ಬರು ಫೋನಿನಲ್ಲಿ. ಲೋಕಸಭೆಯ ಕೋರಂಗೆ, ಅಂದರೆ ಸಭೆ ನಡೆಯಲು ಬೇಕಾದ ಕನಿಷ್ಠ ಹಾಜರಿಗೆ, ಹತ್ತನೇ ಒಂದು ಭಾಗ ಇದ್ದರೆ ಸಾಕಂತೆ, 543ರಲ್ಲಿ 55 ಜನ. ನನ್ನ ಕ್ಲಾಸಿನಲ್ಲಿ ಹಾಜರಿ ಆ ಲೆಕ್ಕಕ್ಕೆ ಇಳಿದಿದ್ದರೆ ಸಾಹೇಬರು ಮಾರನೇ ದಿನವೇ ಬಂದು ಕೂರುತ್ತಿದ್ದರು. ಹೋಗಲಿ, ಅದನ್ನು ಬಿಡುತ್ತೇನೆ. ನನ್ನ ತಲೆ ಕೆಟ್ಟಿದ್ದು ಮಂತ್ರಿಗಳ ಉತ್ತರ ಕೇಳಿ. ಮೊದಲನೆಯದು ಎಂದಿನ ಹಾಡು: ಶಿಕ್ಷಣ ಸಮವರ್ತಿ ಪಟ್ಟಿಯಲ್ಲಿದೆ (ಕೇಂದ್ರ, ರಾಜ್ಯ ಇಬ್ಬರೂ ಕಾನೂನು ಮಾಡಬಹುದಾದ ವಿಷಯಗಳ ಪಟ್ಟಿ), ಶಾಲೆಗಳು ಹೆಚ್ಚಾಗಿ ರಾಜ್ಯಗಳ ಕೈಯಲ್ಲಿವೆ. ಎರಡನೆಯದು: ಮಕ್ಕಳಿಗೆ ಆದಷ್ಟು ಮಟ್ಟಿಗೆ ಮಾತೃಭಾಷೆಯಲ್ಲಿ ಕಲಿಸಬೇಕೆಂಬುದೇ ನಮ್ಮ ನೀತಿ.

ಆದಷ್ಟು ಮಟ್ಟಿಗೆ!

ಮೂವತ್ತೊಂದು ವರ್ಷ ಮುಂಬಯಿಯಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ಅ ಆ ತಿದ್ದಿಸಿದವಳು ನಾನು. ಈ ಎರಡು ಪದ ಕೇಳಿದರೆ ನನಗೆ ಈಗಲೂ ಬೆನ್ನು ಉರಿಯುತ್ತದೆ. ಯಾಕೆ ಅಂತ ನನ್ನ ಜೊತೆ ಕೆಲಸ ಮಾಡಿದವರಿಗೆ ಹೇಳಬೇಕಾಗಿಲ್ಲ. ಉಳಿದವರು ಸ್ವಲ್ಪ ಸಹಿಸಿಕೊಳ್ಳಿ.

ಸಮವರ್ತಿ ಪಟ್ಟಿಯ ವಿಷಯ ಮೊದಲು ಮುಗಿಸಿಬಿಡುತ್ತೇನೆ. 1976ರ 42ನೇ ತಿದ್ದುಪಡಿಗೆ ಮೊದಲು ಶಿಕ್ಷಣ ರಾಜ್ಯಗಳದ್ದಾಗಿತ್ತು. ಆಮೇಲೆ ಇಬ್ಬರದ್ದೂ ಆಯಿತು. ಎರಡು ಸೊಸೆಯರಿರುವ ಮನೆಯಲ್ಲಿ ಒಲೆಯ ಮೇಲೆ ಹಾಲಿಟ್ಟ ಹಾಗೆ. ಇವಳು ನೋಡುತ್ತಾಳೆಂದು ಅವಳು, ಅವಳಿದ್ದಾಳಲ್ಲಾ ಎಂದು ಇವಳು. ಉಕ್ಕಿದ ಮೇಲೆ ಇಬ್ಬರೂ ಬಟ್ಟೆ ಹಿಡಿದು ಓಡಿ ಬರುತ್ತಾರೆ.

ಈಗ 'ಆದಷ್ಟು' ವಿಷಯ. ಇದು ಇವತ್ತಿನ ಮಂತ್ರಿಯೊಬ್ಬರು ಬಾಯಿತಪ್ಪಿ ಆಡಿದ ಮಾತಲ್ಲ, ಅದೇ ನನ್ನ ಸಂಕಟ. ಇದು ಕಾಗದದಲ್ಲೇ ಇದೆ. 1950ರಲ್ಲಿ ಸಂವಿಧಾನದ 45ನೇ ವಿಧಿ 14 ವರ್ಷದವರೆಗಿನ ಎಲ್ಲ ಮಕ್ಕಳಿಗೂ ಹತ್ತು ವರ್ಷದೊಳಗೆ ಉಚಿತ, ಕಡ್ಡಾಯ ಶಿಕ್ಷಣ ಅಂದಿತು. ಕೊಡತಕ್ಕದ್ದು ಅನ್ನಲಿಲ್ಲ, ಕೊಡಲು ಪ್ರಯತ್ನಿಸತಕ್ಕದ್ದು ಅಂದಿತು. ಲೆಕ್ಕ ಹಾಕಿ, 1960ಕ್ಕೆ ಮುಗಿಯಬೇಕಿತ್ತು. ಅದು ಹಕ್ಕು ಅಂತ ಆದದ್ದು 2002ರ ತಿದ್ದುಪಡಿಯಲ್ಲಿ. ಶಿಕ್ಷಣ ಹಕ್ಕು ಕಾಯಿದೆ ಬಂದದ್ದು 2009ರಲ್ಲಿ, ಜಾರಿಯಾದದ್ದು 2010ರ ಏಪ್ರಿಲ್ 1ರಂದು. ಹೌದು, ಏಪ್ರಿಲ್ 1. ನಾನೇನೂ ಹೇಳುವುದಿಲ್ಲ.

ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯಲ್ಲಿ ಕಲಿಯಲು ಅನುಕೂಲ ಮಾಡಿಕೊಡಬೇಕು ಅನ್ನುವುದು 350ಎ ವಿಧಿ, 1956ರಲ್ಲಿ ಸೇರಿದ್ದು. ಮುಂಬಯಿಯ ಕನ್ನಡಿಗರಾದ ನಮಗೆ ಇದೇ ಆಧಾರ. ರಾಜ್ಯದ ಜೊತೆಗೆ ಸ್ಥಳೀಯ ಸಂಸ್ಥೆಯನ್ನೂ ಅದು ಹೆಸರಿಸಿಯೇ ಹೇಳುತ್ತದೆ. ಆದರೆ ಅಲ್ಲಿಯೂ 'ಪ್ರಯತ್ನ'ವೇ. 2009ರ ಕಾಯಿದೆಯ 29ನೇ ಕಲಮಿನಲ್ಲಿ ಮಾತೃಭಾಷೆಯ ಮಾಧ್ಯಮ ಇದೆ, ಮುಂದೆ 'ಸಾಧ್ಯವಾದಷ್ಟು ಮಟ್ಟಿಗೆ' ಅಂತ ಸೇರಿಸಿದ್ದಾರೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಕನಿಷ್ಠ ಐದನೇ ಕ್ಲಾಸಿನ ತನಕ ಅನ್ನುತ್ತದೆ, 'ಸಾಧ್ಯವಿರುವ ಕಡೆಯಲ್ಲೆಲ್ಲ'. ಇನ್ನೊಂದು ಚೆಂದ ನೋಡಿ. ಯಾವ ಭಾಷೆಯಲ್ಲಿ ಅನ್ನುವಲ್ಲಿ ನಾಲ್ಕು ಪದ ಬರೆದು ಮಧ್ಯೆ ಮಧ್ಯೆ ಓರೆಗೆರೆ ಎಳೆದಿದ್ದಾರೆ: ಮನೆಮಾತು, ಮಾತೃಭಾಷೆ, ಸ್ಥಳೀಯ ಭಾಷೆ, ಪ್ರಾದೇಶಿಕ ಭಾಷೆ. ಯಾದಗಿರಿಯಿಂದ ಬಂದು ಇಲ್ಲಿ ಬಿಗಾರಿ (ಕೂಲಿ) ಮಾಡುವವರ ಮಗಳಿಗೆ ಮನೆಮಾತು ಕನ್ನಡ, ಸ್ಥಳೀಯ ಭಾಷೆ ಮರಾಠಿ. ಆ ಗೆರೆಯ ಯಾವ ಕಡೆ ಕೂರಿಸಿದರೂ ನೀತಿ ಪಾಲಿಸಿದ ಹಾಗೇ ಆಯಿತು, ಅಲ್ವಾ? ಎಂಥ ಬುದ್ಧಿವಂತ ಗೆರೆ!

ನಾನು ಒಬ್ಬಳನ್ನು ಹಾಗೆ ಕೂರಿಸುವುದನ್ನು ನೋಡಿದ್ದೇನೆ. ರಿಟೈರ್ ಆಗುವ ಎರಡು ವರ್ಷ ಮೊದಲು. ಶಾಲೆ ಯಾವುದು, ಯಾರದ್ದು ಎಂದು ಬರೆಯುವುದಿಲ್ಲ, ಗೊತ್ತಿದ್ದವರೂ ಕೆಳಗೆ ಬರೆಯಬೇಡಿ. ಒಂದೇ ಕಟ್ಟಡ: ನೆಲಮಹಡಿಯಲ್ಲಿ ಮರಾಠಿ, ಮೊದಲ ಮಹಡಿ ಹಿಂದಿ, ಅದರ ಮೇಲೆ ಉರ್ದು, ಮೂರನೇ ಮಹಡಿಯ ಮೂಲೆಯಲ್ಲಿ ಎರಡು ಕೋಣೆ ನಮ್ಮದು. ಆ ವರ್ಷ ಪಟಸಂಖ್ಯೆ, ಅಂದರೆ ಹೆಸರು ಹಚ್ಚಿದ ಮಕ್ಕಳ ಸಂಖ್ಯೆ, ಇಳಿಯಿತು. ಸಂಚಮಾನ್ಯತೆಯಲ್ಲಿ, ಅಂದರೆ ಮಕ್ಕಳ ತಲೆ ಎಣಿಸಿ ಟೀಚರುಗಳ ಸಂಖ್ಯೆ ಗೊತ್ತು ಮಾಡುವ ವಾರ್ಷಿಕ ಶ್ರಾದ್ಧದಲ್ಲಿ, ನಾನು 'ಅತಿರಿಕ್ತ', ಹೆಚ್ಚುವರಿ, ಆದೆ. ಆ ಪದವನ್ನು ನನ್ನ ಮುಖ ನೋಡಿಯೇ ಹೇಳಿದರು. ಒಂದನೇ, ಎರಡನೇ ಕ್ಲಾಸು ಬಂದ್. ಕನ್ನಡವೇ ಬೇಕೆಂದರೆ ಇನ್ನೊಂದು ಶಾಲೆ ಇತ್ತು, ಎರಡು ಬಸ್ಸು ಬದಲಿಸಿ. ಆರು ವರ್ಷದ ಮಗು, ತಾಯಿ ಎಂಟು ಗಂಟೆಗೆ ಕೆಲಸಕ್ಕೆ, ಅಪ್ಪ ಕೂಲಿ ಕಾಯುತ್ತಾ ನಾಕಾದಲ್ಲಿ. ಯಾರು ಬಸ್ಸು ಹತ್ತಿಸುವುದು? ನಡೆದು ಹೋಗುವ 1 ಕಿಲೋಮೀಟರ್ ಒಳಗೆ ಶಾಲೆ ಇರಬೇಕೆಂದು ನಿಯಮ ಹೇಳುತ್ತದೆ. ಶಾಲೆ ಇತ್ತಲ್ಲ, ಅದೇ ಕಟ್ಟಡದಲ್ಲಿ, ಕೆಳಗೆ. ನಿಯಮಕ್ಕೆ ಎಲ್ಲಿ ಪೆಟ್ಟಾಯಿತು?

ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಕೆಳಗಿಳಿದು ಆ ಕ್ಲಾಸಿನ ಬಾಗಿಲಲ್ಲಿ ನಿಂತೆ. ಮರಾಠಿ ಟೀಚರ್ ತುಂಬಾ ಒಳ್ಳೆಯವರು. ನನ್ನ ಡಬ್ಬಿಯ ನೀರುದೋಸೆಗೆ ಅವರದ್ದು ಅರ್ಧ ಪಾಲು ಯಾವಾಗಲೂ. ಲೆಕ್ಕ ಕೇಳುತ್ತಿದ್ದರು. "ಏಕೋಣಸಾಠ್ ಆಣಿ ಏಕ್?" ನನ್ನ ಹುಡುಗಿ ಎದ್ದು ನಿಂತಳು, ಫ್ರಾಕಿನ ತುದಿ ಬಾಯಲ್ಲಿ. ಸುಮ್ಮನೆ. ಬಾಗಿಲಲ್ಲಿ ನನ್ನನ್ನು ನೋಡಿದಳು. ತಡೆಯಲಾಗದೆ ನಾನೇ ಕೇಳಿಬಿಟ್ಟೆ, "ಐವತ್ತೊಂಬತ್ತಕ್ಕೆ ಒಂದು ಕೂಡಿಸಿದರೆ?" "ಅರವತ್ರಿ!" ನನ್ನ ಮಾತು ಪೂರ್ತಿ ಮುಗಿದಿರಲಿಲ್ಲ.

ಐವತ್ತೊಂಬತ್ತು ಅನ್ನುವ ಪದ ಬಿಡಿಸಿದರೆ ಒಳಗೆ ಐವತ್ತೂ ಇದೆ, ಒಂಬತ್ತೂ ಇದೆ. ಏಕೋಣಸಾಠ್ ಅಂದರೆ ಅರವತ್ತಕ್ಕೆ ಒಂದು ಕಮ್ಮಿ. ಅದೂ ಸುಂದರವಾದ ಲೆಕ್ಕವೇ, ಮನೆಯಲ್ಲಿ ಕೇಳಿ ಬೆಳೆದ ಮರಾಠಿ ಮಗುವಿಗೆ ಏನೇನೂ ಕಷ್ಟವಿಲ್ಲ. ನಮ್ಮವಳಿಗೆ ಲೆಕ್ಕ ಬರುತ್ತಿತ್ತು, ಸಂಖ್ಯೆಯ ಹೆಸರು ಬರುತ್ತಿರಲಿಲ್ಲ. ಪ್ರಗತಿ ಪುಸ್ತಕದಲ್ಲಿ ಬರೆದದ್ದು 'ಗಣಿತದಲ್ಲಿ ಹಿಂದೆ'. ಇದು ಆ ಟೀಚರ್ ತಪ್ಪಲ್ಲ, ಮರಾಠಿಯ ತಪ್ಪಂತೂ ಅಲ್ಲವೇ ಅಲ್ಲ. 'ಆದಷ್ಟು' ಅಂತ ಬರೆದು ಕೂತವರಿಗೆ ಆ ಫ್ರಾಕಿನ ತುದಿ ಕಾಣುವುದಿಲ್ಲ ಅಂತ ನನ್ನ ಸಂಕಟ.

ಗೊತ್ತು, ಕೆಲವರು ಈಗಲೇ ಬರೆಯಲು ಶುರು ಮಾಡಿದ್ದೀರಿ. "ಮಕ್ಕಳೇ ಬರದಿದ್ದರೆ ಶಾಲೆ ಯಾಕೆ ಟೀಚರ್? ನಾಲ್ಕು ಮಕ್ಕಳಿಗೆ ಇಬ್ಬರು ಟೀಚರಾ?" ಸರಿ. ಮಕ್ಕಳು ಯಾಕೆ ಬರಲಿಲ್ಲ? ಮೊದಲು ಒಬ್ಬರನ್ನು ನಿವೃತ್ತಿಯ ಮೇಲೆ ಕಳಿಸಿ ಬದಲಿ ಕೊಡಲಿಲ್ಲ. ಎರಡು ಕ್ಲಾಸು ಒಂದೇ ಕೋಣೆಯಲ್ಲಿ ಕೂತಿತು. ತಾಯಂದಿರು ಕುರುಡರಲ್ಲ. ಮಕ್ಕಳನ್ನು ಬಿಡಿಸಿದರು. ಆಮೇಲೆ ತಲೆ ಎಣಿಸಿ ಮಕ್ಕಳಿಲ್ಲ ಅಂದರು. ಗಿಡಕ್ಕೆ ನೀರು ಹಾಕದೆ, ಒಣಗಿದೆ ಎಂದು ಕಿತ್ತರೆ ತೋಟಗಾರ ಯಾರು?

"ಪಾಲಕರಿಗೆ ಆಯ್ಕೆ ಇದೆಯಲ್ಲ" ಅನ್ನುವವರೂ ಇದ್ದೀರಿ. 2014ರಲ್ಲಿ ಕರ್ನಾಟಕದ ಕೇಸಿನಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ, ತಾಯ್ನುಡಿ ಮಾಧ್ಯಮವನ್ನು ಸರ್ಕಾರ ಹೇರುವ ಹಾಗಿಲ್ಲ. ಒಪ್ಪಿದೆ. ಹೇರಬೇಡಿ. ಇರುವುದನ್ನು ಮುಚ್ಚಬೇಡಿ ಅಷ್ಟೇ. ಮೆನುವಿನಲ್ಲಿ ಒಂದೇ ತಿಂಡಿ ಬರೆದು "ಏನು ಬೇಕು ಹೇಳಿ" ಅನ್ನುವ ಹೋಟೆಲು ನಮ್ಮ ಉಡುಪಿಯವರು ಎಲ್ಲೂ ಇಟ್ಟಿಲ್ಲ.

ಈ ಆಯ್ಕೆಯ ಮಾತು ಬಂದಾಗ ನನ್ನ ಬಾಯಿ ಸ್ವಲ್ಪ ಕಟ್ಟುತ್ತದೆ. ಯಾಕೆಂದು ಹೇಳಿಬಿಡುತ್ತೇನೆ. ಪ್ರತಿ ವರ್ಷ ಮೇ ತಿಂಗಳಲ್ಲಿ ನಾವು ಮಕ್ಕಳನ್ನು ಹುಡುಕಿಕೊಂಡು ಝೋಪಡಿಗಳಿಗೆ ಹೋಗುತ್ತಿದ್ದೆವು. ಒಂದು ವರ್ಷ ಆ ಹುಡುಗಿಯ ತಾಯಿ ನನಗೆ ಸ್ಟೀಲಿನ ಲೋಟದಲ್ಲಿ ಚಹಾ ಕೊಟ್ಟು, ನನ್ನ ಭಾಷಣ ಎಲ್ಲ ಕೇಳಿ, ತಣ್ಣಗೆ ಕೇಳಿದಳು. "ಬಾಯಾರ, ನಿಮ್ಮ ಮಗ ಯಾವ ಸಾಲಿಗಿ ಹೋತಾನ್ರಿ?"

ಇಂಗ್ಲಿಷ್ ಮೀಡಿಯಂ. ಡೊನೇಶನ್ ಕೊಟ್ಟು ಸೇರಿಸಿದ್ದೆ. ಹೇಳಿದೆ, ಸುಳ್ಳು ಹೇಳಲಿಲ್ಲ. ಅವಳು ನಗಲಿಲ್ಲ, ಬೈಯಲೂ ಇಲ್ಲ. ಜೂನಿನಲ್ಲಿ ಮಗಳನ್ನು ನನ್ನ ಕ್ಲಾಸಿಗೇ ತಂದು ಬಿಟ್ಟಳು. ಹೆಚ್ಚಿನದೇನೂ ನನಗೆ ಬರೆಯಲು ಬರುವುದಿಲ್ಲ ಇದರ ಬಗ್ಗೆ. ನನ್ನನ್ನು ಬೈಯುವವರು ಬೈಯಬಹುದು, ಸಾಲಿನಲ್ಲಿ ನಾನೇ ಮೊದಲು ನಿಂತಿದ್ದೇನೆ. ಆದರೆ ನನ್ನ ಮಗನ ಶಾಲೆ ನನ್ನ ದುಡ್ಡಿನಲ್ಲಿ ನಡೆಯಿತು. ಅವಳ ಮಗಳ ಶಾಲೆ ನಡೆಸುವುದು ಸಾರ್ವಜನಿಕ ಸಂಸ್ಥೆಯ ಕರ್ತವ್ಯ. ನಾನು ಕಪಟಿ ಅಂದ ಮಾತ್ರಕ್ಕೆ ಆ ಕರ್ತವ್ಯ ರದ್ದಾಗುವುದಿಲ್ಲ.

ಕರ್ತವ್ಯ ಅಂದಾಗ ನೆನಪಾಯಿತು. ಅದೇ 2009ರ ಕಾಯಿದೆಯ 24ನೇ ಕಲಮು ಟೀಚರ ಕರ್ತವ್ಯಗಳದ್ದು. ಸಮಯಕ್ಕೆ ಸರಿಯಾಗಿ ಬರಬೇಕು. ಪಠ್ಯವನ್ನು ಹೇಳಿದ ಅವಧಿಯೊಳಗೆ ಪೂರ್ತಿ ಮುಗಿಸಬೇಕು. ಪ್ರತಿ ಮಗುವಿನ ಕಲಿಕೆ ಅಳೆಯಬೇಕು. ಪಾಲಕರನ್ನು ಕರೆದು ಮಾತಾಡಬೇಕು. ತಪ್ಪಿದರೆ ಶಿಸ್ತುಕ್ರಮ. ಇಲ್ಲಿ ಎಲ್ಲಾದರೂ 'ಆದಷ್ಟು' ಇದೆಯಾ ಎಂದು ಕನ್ನಡಕ ಒರೆಸಿಕೊಂಡು ಎರಡು ಸಲ ಹುಡುಕಿದ್ದೇನೆ. ಇಲ್ಲ. 27ನೇ ಕಲಮಿನಲ್ಲಿ ಜನಗಣತಿ, ಚುನಾವಣೆ, ವಿಪತ್ತು ಪರಿಹಾರಕ್ಕೆ ಟೀಚರುಗಳನ್ನು ಕಳಿಸಬಹುದು ಅಂತಲೂ ಇದೆ. ನಾನು ಮೂರು ಜನಗಣತಿ ಎಣಿಸಿದ್ದೇನೆ. "ಆದಷ್ಟು ಮನೆ ಎಣಿಸುತ್ತೇನೆ ಸಾಹೇಬರೇ" ಅಂದಿದ್ದರೆ ಏನಾಗುತ್ತಿತ್ತು?

ದೊಡ್ಡವರ ಭಾಷೆಗೂ 'ಆದಷ್ಟು' ಇಲ್ಲ. ಹಿಂದಿ, ಇಂಗ್ಲಿಷ್ ಸರಿಯಾಗಿ ಬಾರದ ಸದಸ್ಯರಿಗೆ ತಾಯ್ನುಡಿಯಲ್ಲೇ ಮಾತಾಡಲು ಅನುಮತಿ ಕೊಡುವ ದಾರಿ ಸಂವಿಧಾನದ 120ನೇ ವಿಧಿಯಲ್ಲಿದೆ. 2018ರಿಂದ ರಾಜ್ಯಸಭೆಯಲ್ಲಿ 22 ಭಾಷೆಗಳಿಗೂ ದುಭಾಷಿಗಳ ವ್ಯವಸ್ಥೆ ಇದೆ. ಒಳ್ಳೆಯದು, ನನಗೆ ಖುಷಿಯೇ. ಅರವತ್ತು ದಾಟಿದ ಸದಸ್ಯರು ಕನ್ನಡದಲ್ಲಿ ಮಾತಾಡಿದರೆ ಉಳಿದವರ ಕಿವಿಗೆ ಅನುವಾದ ಬರುತ್ತದೆ. ಆರು ವರ್ಷದವಳ ಕಿವಿಗೆ ಏಕೋಣಸಾಠ್.

2025ರ ಗಲಾಟೆ ನೆನಪಿದೆಯಲ್ಲ? ಏಪ್ರಿಲ್‌ನಲ್ಲಿ ಒಂದನೇ ಕ್ಲಾಸಿನಿಂದ ಹಿಂದಿ ಅಂತ ಮಹಾರಾಷ್ಟ್ರ ಸರ್ಕಾರ ಆದೇಶ ಹೊರಡಿಸಿತು. ಮರಾಠಿಯವರು ಎದ್ದು ನಿಂತರು. ಜೂನ್ 29ಕ್ಕೆ ಆದೇಶ ವಾಪಸ್. ಎರಡೂವರೆ ತಿಂಗಳು ನಮ್ಮ ಲೋಕಲ್ ಟ್ರೈನಿನ ಲೇಡೀಸ್ ಡಬ್ಬದಲ್ಲೂ ಇದೇ ಮಾತು, ಮೂರನೇ ಭಾಷೆ ಯಾವುದು. ಮಗುವಿನ ಮೊದಲನೇ ಭಾಷೆ ಯಾವುದು ಅಂತ ಯಾರೂ ಕೇಳಿದ್ದು ನನ್ನ ಕಿವಿಗೆ ಬೀಳಲಿಲ್ಲ. ಆದರೂ ಮರಾಠಿಯವರ ಮೇಲೆ ನನಗೆ ಹೊಟ್ಟೆಕಿಚ್ಚು, ಸುಳ್ಳು ಯಾಕೆ. ನಮ್ಮ ಕೋಣೆ ಮುಚ್ಚಿದ ದಿನ ನಮ್ಮವರು ಒಬ್ಬರೂ ಎದ್ದಿರಲಿಲ್ಲ. ಆ ಭಾನುವಾರ ಒಂದು ಸಂಘದಲ್ಲಿ ಕನ್ನಡ ಉಳಿಸುವ ಬಗ್ಗೆ ಗೋಷ್ಠಿ ಇತ್ತು. ಊಟ ಚೆನ್ನಾಗಿತ್ತು.

ಸುಮ್ನೆ ಒಂದು ಹಳೇ ಕಥೆ. ಪುಣೆಯ ಫರ್ಗುಸನ್ ಕಾಲೇಜಿನಲ್ಲಿ ಪಾಠ ಮಾಡಿದ ಗೋಪಾಲಕೃಷ್ಣ ಗೋಖಲೆ 1911ರಲ್ಲಿ ಪ್ರಾಥಮಿಕ ಶಿಕ್ಷಣ ಕಡ್ಡಾಯ ಮಾಡುವ ಮಸೂದೆ ತಂದರು, ಬ್ರಿಟಿಷರ ಶಾಸನ ಸಭೆಯಲ್ಲಿ. ಮರುವರ್ಷ ಮತಕ್ಕೆ ಹಾಕಿದರು. ಪರ 13, ವಿರೋಧ 38. ಬಿದ್ದುಹೋಯಿತು. ಆದರೆ ಆಗುವುದಿಲ್ಲ ಅಂತ ಕೈ ಎತ್ತಿ ಹೇಳಿದರಲ್ಲ! ಯಾರು ಬೇಡ ಅಂದರು ಅಂತ ಎಣಿಸಬಹುದಿತ್ತು. ನಮ್ಮ ಹುಡುಗಿಯ ಕ್ಲಾಸು ಬೇಡ ಅಂತ ಯಾವ ಸದನದಲ್ಲೂ ಯಾರೂ ಹೇಳಿಲ್ಲ. ಎಲ್ಲರೂ ಬೇಕು ಅಂದವರೇ. ಮತ್ತೆ ಮುಚ್ಚಿದ್ದು ಯಾರು?

ಕ್ಲಾಸು ಮುಚ್ಚಿದ ತಿಂಗಳೇ ಮಹಾರಾಷ್ಟ್ರದ ಪಠ್ಯಪುಸ್ತಕ ಅಚ್ಚು ಹಾಕುವ ಪುಣೆಯ ಬಾಲಭಾರತಿಯಿಂದ ಆ ವರ್ಷದ ಕನ್ನಡ ಪುಸ್ತಕಗಳು ಬಂದವು. ಅಚ್ಚಿನ ವಾಸನೆಯೂ ಹೋಗಿರಲಿಲ್ಲ. ಎಲ್ಲಿ ಕೊಡಬೇಕೆಂದು ಯಾರಿಗೂ ಗೊತ್ತಾಗದೆ ಕಟ್ಟು ಹಾಗೇ ಬಿತ್ತು, ರದ್ದಿಗೆ ಹೋಗುವ ಮೊದಲು ನಾನು ಕೇಳಿ ತಂದೆ. ಒಂದನೇ ಕ್ಲಾಸಿನದು ನಾಲ್ಕು, ಎರಡನೆಯದು ಮೂರು ನಮ್ಮ ಅಟ್ಟದಲ್ಲಿವೆ. ಪಠ್ಯ ಬದಲಾಗಿರಬಹುದು, ಅಕ್ಷರ ಬದಲಾಗಿಲ್ಲ. ಡೊಂಬಿವಲಿ, ಕಲ್ಯಾಣ, ಠಾಣೆ ಕಡೆ ಯಾರ ಮನೆಯಲ್ಲಾದರೂ ಮಕ್ಕಳಿಗೆ ಬೇಕಿದ್ದರೆ ಇನ್‌ಬಾಕ್ಸಿಗೆ ಬನ್ನಿ. ಸಂಜೆ ಐದರ ಮೇಲೆ ಮನೆಯಲ್ಲೇ ಇರುತ್ತೇನೆ. ಬೀನ್ಸ್ ಪಲ್ಯಕ್ಕೆ ಎರಡು ಸಲ ಉಪ್ಪು ಬಿದ್ದಿದೆ, ಇವತ್ತು ಮಾತ್ರ ಊಟದ ಹೊತ್ತಿಗೆ ಬರಬೇಡಿ.