ಮಿತ್ರ ಮತ್ತು ಕ್ರಿಸ್ತ: ಹೋಲಿಕೆ ಎಲ್ಲಿದೆ?

ರೋಮನ್ನರ ಮಿತ್ರದೇವನು ಡಿಸೆಂಬರ್ 25ರಂದು ಕನ್ಯೆಯಲ್ಲಿ ಜನಿಸಿ, ಸತ್ತು ಮೂರನೆಯ ದಿನ ಎದ್ದನೆಂದೂ ಕ್ರೈಸ್ತರು ಆ ಕಥೆಯನ್ನೇ ಎತ್ತಿಕೊಂಡರೆಂದೂ ನಾನು ಓದಿದ ಲೇಖನವೊಂದು ಹೇಳುತ್ತದೆ. ಇದನ್ನು ನಾನು ಒಪ್ಪಲಾರೆ. ಶಿಲ್ಪಗಳಲ್ಲಿ ಮಿತ್ರನು ತಾಯಿಯ ಗರ್ಭದಿಂದಲ್ಲ, ಬಂಡೆಯೊಳಗಿಂದ, ಕಠಾರಿಯನ್ನೂ ಪಂಜನ್ನೂ ಹಿಡಿದು ಮೇಲೇಳುತ್ತಾನೆ. ಅವನು ಹೋರಿಯನ್ನು ಕೊಲ್ಲುತ್ತಾನೆಯೇ ಹೊರತು ತಾನೇ ಸಾಯುವ ದೃಶ್ಯ ಅವುಗಳಲ್ಲಿಲ್ಲ. ದಿನಾಂಕದ ವಿಷಯಕ್ಕೆ ಬಂದರೆ, ರೋಮಿನ ಕ್ರಿ.ಶ. 354ರ ಪಂಚಾಂಗವು ಡಿಸೆಂಬರ್ 25ನ್ನು ‘ಅಜೇಯನ’ (ಸಾಮಾನ್ಯವಾಗಿ ಸೂರ್ಯದೇವನೆಂದು ಅರ್ಥೈಸುವ ಬಿರುದು) ‘ಜನ್ಮದಿನ’ ಎಂದಷ್ಟೇ ಗುರುತಿಸುತ್ತದೆ, ಮಿತ್ರನ ಹೆಸರು ಅಲ್ಲಿಲ್ಲ. ಆ ಪಂಚಾಂಗವಿರುವ ಸಂಪುಟದ ಇನ್ನೊಂದು ಪಟ್ಟಿಯಲ್ಲಿ ಕ್ರಿಸ್ತನ ಜನನವೂ ಅದೇ ದಿನಕ್ಕಿದೆ. ಗಂಭೀರವಾಗಿ ಚರ್ಚಿಸಬೇಕಾದ ಸಾಮ್ಯವಿರುವುದು, ನನ್ನ ಮಟ್ಟಿಗೆ, ಪವಿತ್ರ ಭೋಜನದಲ್ಲಿ, ಅಂದರೆ ಕ್ರೈಸ್ತರು ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ಸ್ವೀಕರಿಸುವಂಥ ವಿಧಿಯಲ್ಲಿ. ಮಿತ್ರನ ದೀಕ್ಷಾವಿಧಿಯಲ್ಲಿ ರೊಟ್ಟಿಯನ್ನೂ ನೀರಿನ ಬಟ್ಟಲನ್ನೂ ಇಡುತ್ತಾರೆಂದು ಎರಡನೆಯ ಶತಮಾನದ ಕ್ರೈಸ್ತ ಚಿಂತಕ ಜಸ್ಟಿನನೇ ಬರೆದು, ಅದನ್ನು ದುಷ್ಟಶಕ್ತಿಗಳು ಮಾಡಿದ ಅನುಕರಣೆ ಎಂದು ದೂರಿದ್ದಾನೆ.